ಮಾರ್ಟ್ ಬಿಲ್ಲು, ಉದ್ರಿ ಪುಸ್ತಕ

ಗುರುತು ಸಿಗಬಾರದೆಂದು ಹೆಸರು, ಕೆಲಸ, ಓಣಿ ಎಲ್ಲ ಬದಲಿಸಿದ್ದೇನೆ. ಅಂಗಡಿಗಳ ಹೆಸರೂ ಬೇಡ. ಊರು ಮಾತ್ರ ದಾವಣಗೆರೆಯೇ.

ಶಾರದಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ಮಲ್ಲಣ್ಣ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ನನ್ನ ಹತ್ತಿರ ಸಲಹೆಗೆ ಬಂದಾಗ ಗಂಡ ಹೆಂಡತಿ ಮಾತು ಬಿಟ್ಟು ಎರಡು ವಾರ ಆಗಿತ್ತು. ಏನು ಕಾರಣ ಅಂತ ಕೇಳಿದರೆ ಇಬ್ಬರದೂ ಒಂದೇ ಉತ್ತರ: ತೊಗರಿಬೇಳೆ.

ಮಲ್ಲಣ್ಣನಿಗೆ ಭಾನುವಾರ ಬಂತೆಂದರೆ ಬೈಕ್ ಹತ್ತಿ ಮೂರು ಸೂಪರ್‌ಮಾರ್ಕೆಟ್ ಸುತ್ತುವ ಅಭ್ಯಾಸ. ಯಾವುದರಲ್ಲಿ ಸಕ್ಕರೆ ಎಷ್ಟು, ಎಣ್ಣೆ ಎಷ್ಟು ಅಂತ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಮನೆಗೆ ಬಂದು ಅದನ್ನೆಲ್ಲ ಪುಸ್ತಕಕ್ಕೆ ಇಳಿಸುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ಆದರೆ ಒಂದು ಸಂಜೆ ಹೆಂಡತಿ ಓಣಿಯ ಕಿರಾಣಿ ಅಂಗಡಿಯಲ್ಲಿ ಬೇಳೆ ಕಟ್ಟಿಸಿಕೊಳ್ಳುವುದನ್ನು ನೋಡಿ, ಅಲ್ಲೇ ನಾಲ್ಕು ಜನರ ಎದುರಿಗೆ “ಕೆಜಿಗೆ ಹದಿನೈದು ರೂಪಾಯಿ ಜಾಸ್ತಿ ಕೊಡ್ತಿದ್ದೀಯಲ್ಲ, ದುಡ್ಡೇನು ಮರದಾಗೆ ಬಿಡುತ್ತಾ?” ಅಂದುಬಿಟ್ಟರು. ಬೇಳೆಯನ್ನು ಅಲ್ಲೇ ಬಿಟ್ಟು ಬಂದ ಶಾರದಾ ಆಮೇಲೆ ಮಾತಾಡಲಿಲ್ಲ.

ಇಂಥ ಜಗಳಗಳಲ್ಲಿ ‘ಹೊಂದಿಕೊಂಡು ಹೋಗಿ’ ಎನ್ನುವುದರಿಂದ ಏನೂ ಪ್ರಯೋಜನವಿಲ್ಲ. ದುಡ್ಡಿನ ಜಗಳದಲ್ಲಿ ಮೊದಲು ದುಡ್ಡು ನೋಡಬೇಕು. ಹಾಗಾಗಿ ಮುಂದಿನ ಭೇಟಿಗೆ ಮಲ್ಲಣ್ಣ ಬಿಲ್ಲುಗಳನ್ನೂ, ಶಾರದಾ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೂ ತರಬೇಕೆಂದು ಹೇಳಿದೆ. ಉದ್ರಿ ಪುಸ್ತಕ ಅಂದ ಕೂಡಲೇ ಶಾರದಾ ಮುಖ ಸಪ್ಪಗಾಯಿತು. ಆಗ ನಾನೇನೂ ಕೇಳಲಿಲ್ಲ.

ಮಲ್ಲಣ್ಣನ ಕೆಲವು ಲೆಕ್ಕ ನೂರಕ್ಕೆ ನೂರು ಸರಿ. ಸೋಪು, ಪೇಸ್ಟು, ಬಟ್ಟೆ ಪೌಡರು, ಚಹಾ ಪುಡಿ ಇವೆಲ್ಲ ಓಣಿ ಅಂಗಡಿಯಲ್ಲಿ ಎಂಆರ್‌ಪಿಗೇ ಸಿಗುತ್ತವೆ, ಮಾರ್ಟಿನಲ್ಲಿ ಕಡಿಮೆಗೆ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ, ಅದನ್ನು ದಾಟಬಾರದು ಅಷ್ಟೇ. ಇಳಿಸಿ ಮಾರಲು ಯಾರ ಅಡ್ಡಿಯೂ ಇಲ್ಲ. ಲೋಡುಗಟ್ಟಲೆ ತರಿಸುವವರಿಗೆ ಅದು ಗಿಟ್ಟುತ್ತದೆ, ಹತ್ತು ಪ್ಯಾಕೆಟ್ ತಂದಿಡುವ ಓಣಿಯ ಅಂಗಡಿಯವರಿಗೆ ಗಿಟ್ಟುವುದಿಲ್ಲ.

ಎಣ್ಣೆಯಲ್ಲಿ ಮಾತ್ರ ಅವರು ಎಡವಿದ್ದರು. ಮಾರ್ಟಿನ ಪ್ಯಾಕೆಟ್ 129 ರೂಪಾಯಿ, ಕಿರಾಣಿ ಅಂಗಡಿಯದು 140. “ನೋಡ್ರಿ ಮೇಡಂ, ಹನ್ನೊಂದು ರೂಪಾಯಿ!” ಎಂದರು. ಎರಡೂ ಪ್ಯಾಕೆಟ್ ತಂದಿದ್ದರು, ಒಳ್ಳೆಯದೇ ಆಯಿತು. ತಿರುಗಿಸಿ ಓದಿ ಎಂದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂಗಡಿಯ ಪ್ಯಾಕೆಟ್ ಮೇಲೆ 910 ಗ್ರಾಂ ಅಂತಲೇ ಇತ್ತು. ಮಾರ್ಟಿನದರ ಮೇಲೆ 800 ಗ್ರಾಂ. ನೋಡಲು ಎರಡೂ ಒಂದೇ ಗಾತ್ರ. ಫೋನಿನಲ್ಲಿ ಭಾಗಿಸಿ ನೋಡಿದರೆ ಅಂಗಡಿಯದು ಕೆಜಿಗೆ ಸುಮಾರು 154 ರೂಪಾಯಿ, ಮಾರ್ಟಿನದು 161. ಮಲ್ಲಣ್ಣ ಇನ್ನೊಂದು ಸಲ ಭಾಗಿಸಿ ನೋಡಿದರು. ಶಾರದಾ ಕಿಟಕಿ ಕಡೆ ನೋಡುತ್ತಾ ಕೂತಿದ್ದರು, ನಗು ತಡೆದುಕೊಂಡಿದ್ದಂತೂ ನಿಜ.

ಎಣ್ಣೆ, ಚಹಾ ಪುಡಿ, ಬಿಸ್ಕತ್ತು ಇಂಥವನ್ನು ಗೊತ್ತುಪಡಿಸಿದ ತೂಕದಲ್ಲೇ ಪ್ಯಾಕ್ ಮಾಡಬೇಕೆಂಬ ನಿಯಮ ಮೊದಲು ಇತ್ತು, ಈಗಿಲ್ಲ. ಅದಕ್ಕೇ 750, 800, 850 ಅಂತ ಬಗೆಬಗೆಯ ಪ್ಯಾಕೆಟ್ ಬರುತ್ತಿವೆ. ಅದರ ಬದಲಿಗೆ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತದೆ ಎಂಬ ಯೂನಿಟ್ ದರವನ್ನೂ ಪ್ಯಾಕೆಟ್ ಮೇಲೆ ಹಾಕಬೇಕು ಎನ್ನುತ್ತದೆ ಕಾನೂನು. ಹಾಕಿಯೂ ಇರುತ್ತಾರೆ, ಲೆಕ್ಕ ಬರೆಯುವವರ ಕಣ್ಣಿಗೂ ಬೀಳದಷ್ಟು ಸಣ್ಣ ಅಕ್ಷರದಲ್ಲಿ.

ಬಿಲ್ಲುಗಳನ್ನು ಹರಡಿದಾಗ ಇನ್ನೊಂದು ಸಂಗತಿ ಕಂಡಿತು. ಚೀಟಿಯಲ್ಲಿ ಬರೆದುಕೊಂಡು ಹೋಗದ ಸಾಮಾನು ಪ್ರತಿ ಬಿಲ್ಲಿನಲ್ಲೂ ಇತ್ತು. ಎರಡಕ್ಕೆ ಒಂದು ಫ್ರೀ ಬಿಸ್ಕತ್ತು, ಪ್ಲಾಸ್ಟಿಕ್ ಡಬ್ಬಿ ಸೆಟ್ಟು, ನೂಡಲ್ಸು. ಜೊತೆಗೆ ಮಂಡಕ್ಕಿ! ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿಯನ್ನು ಮಾರ್ಟಿನ ಪ್ಯಾಕೆಟ್‌ನಲ್ಲಿ ತಂದರೆ ಯಾರು ತಾನೇ ಸುಮ್ನಿರುತ್ತಾರೆ? ಮಂಡಕ್ಕಿ ಹುರಿಯುವ ಭಟ್ಟಿಗಳು ಊರೊಳಗೇ ಇವೆ. ಅತ್ತೆಗೂ ಈ ವಿಷಯದಲ್ಲಿ ಮಗನ ಮೇಲೆ ಸಿಟ್ಟಿತ್ತಂತೆ.

ಆಮೇಲೆ ಉದ್ರಿ ಪುಸ್ತಕ ತೆಗೆದೆವು. ಮೂಲೆ ಮಡಚಿದ ಸಣ್ಣ ಪುಸ್ತಕ, ಬಾಲ್‌ಪೆನ್ನಿನ ಬರಹ. ಬೇಳೆ ಕಾಲು ಕೆಜಿ. ಎಣ್ಣೆ ಅರ್ಧ. ಸಕ್ಕರೆ ಅರ್ಧ. ಎರಡು ದಿನ ಬಿಟ್ಟು ಮತ್ತೆ ಬೇಳೆ ಕಾಲು ಕೆಜಿ. ಪುಟ ತಿರುಗಿಸಿದರೂ ಅದೇ ಕಾಲು, ಅದೇ ಅರ್ಧ. ಐದು ಜನರ ಮನೆಗೆ ಯಾಕೆ ಹೀಗೆ ಚೂರು ಚೂರು ತರುತ್ತೀರಿ ಅಂತ ಕೇಳಿದೆ.

“ಕೈಯಾಗೆ ದುಡ್ಡಿದ್ರೆ ಐದು ಕೆಜಿ ಒಂದೇ ಸಲ ತರ್ತಿದ್ದೆ ಮೇಡಂ. ಇವರು ಮುನ್ನೂರು ಕೊಟ್ರೆ ಮುನ್ನೂರರದ್ದೇ ತರ್ಬೇಕಲ್ವಾ?”

ನನ್ನ ಪ್ರಕಾರ ಈ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಸಂಬಳ ಮಲ್ಲಣ್ಣನ ಖಾತೆಗೆ ಬರುತ್ತದೆ, ಮಾರ್ಟಿನ ಬಿಲ್ಲು ಅವರ ಫೋನಿನಿಂದಲೇ ಹೋಗುತ್ತದೆ. ಮನೆ ಖರ್ಚಿಗೆ ಕೇಳಿದಾಗ ಇನ್ನೂರೋ ಮುನ್ನೂರೋ ಕೈಗೆ ಬರುತ್ತದೆ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಅದು ಮಕ್ಕಳ ಟ್ಯೂಷನ್‌ಗೆ ಸರಿಯಾಗುತ್ತದೆ. ಚೂರು ದುಡ್ಡಿಗೆ ಚೂರು ಸಾಮಾನು, ಚೂರು ಸಾಮಾನಿಗೆ ಜಾಸ್ತಿ ದರ. ಆ ಹದಿನೈದು ರೂಪಾಯಿ ಜಾಸ್ತಿ ಆದದ್ದು ಅಂಗಡಿಯವರಿಂದಲ್ಲ, ಶಾರದಾ ಅವರಿಂದಲೂ ಅಲ್ಲ. ಇದನ್ನು ಮಲ್ಲಣ್ಣನಿಗೆ ನೇರವಾಗಿಯೇ ಹೇಳಿದೆ.

ಕೊನೇ ಪುಟದಲ್ಲಿ ನಾಲ್ಕು ಸಾವಿರದ ಚಿಲ್ಲರೆ ಬಾಕಿ ಇತ್ತು. ಗಂಡನಿಗೆ ಗೊತ್ತಿರಲಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಸೇರಿದ ಬಾಕಿ, ಬಡ್ಡಿ ಇಲ್ಲ, ಅಂಗಡಿಯವರು ಒಂದು ದಿನ ಬಾಯಿಬಿಟ್ಟು ಕೇಳಿದವರಲ್ಲ. ಮುಚ್ಚಿಟ್ಟದ್ದು ಸರಿಯಲ್ಲ ಅಂತ ಶಾರದಾ ಅವರಿಗೂ ಹೇಳಿದೆ. “ಹೇಳಿದ್ರೆ ಮತ್ತೆ ಅಂಗಡಿ ಮುಂದೆ ನಿಂತು ಕೇಳ್ತಾರೆ” ಎಂದರು. ಅದಕ್ಕೆ ಗಂಡನ ಹತ್ತಿರ ಉತ್ತರ ಇರಲಿಲ್ಲ.

ಸಲಹೆ ಹೀಗಿತ್ತು. ಸಂಬಳದ ದಿನವೇ ಅಡುಗೆಮನೆಯ ದುಡ್ಡು ಪೂರ್ತಿಯಾಗಿ ಶಾರದಾ ಖಾತೆಗೆ ಹೋಗಬೇಕು. ಅದರಲ್ಲಿ ಮೊದಲು ಉದ್ರಿ ತೀರಿಸಬೇಕು, ಎರಡು ಕಂತಾದರೂ ಸರಿ. ಮೂರು ಮಾರ್ಟ್ ಸುತ್ತುವುದು ನಿಲ್ಲಲಿ, ಪೆಟ್ರೋಲೂ ದುಡ್ಡೇ ಅಲ್ವಾ? ತಿಂಗಳಿಗೊಮ್ಮೆ ಒಂದೇ ಮಾರ್ಟಿಗೆ, ಇಬ್ಬರೂ ಹೋಗಬೇಕು, ಉಂಡು ಹೋಗಬೇಕು, ಡಬ್ಬಿಗಳನ್ನು ತೆರೆದು ನೋಡಿ ಬರೆದ ಚೀಟಿ ಕೈಯಲ್ಲಿರಬೇಕು. ದರ ಹೋಲಿಸುವುದಾದರೆ ಅಕ್ಕಿ, ಎಣ್ಣೆ, ಬೇಳೆ, ಸಕ್ಕರೆ, ಚಹಾ, ಸೋಪು, ಸಾಕು. ಉಪ್ಪಿನ ದರ ಹೋಲಿಸಿ ಯಾರೂ ಉದ್ಧಾರ ಆಗಿಲ್ಲ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತಲೂ ನಂಬಬಾರದು. ಶಾಂಪೂ ಎಷ್ಟೋ ಸಲ ಬಾಟಲಿಗಿಂತ ಸ್ಯಾಶೆಯಲ್ಲೇ ಅಗ್ಗ. ಬಿಲ್ಲನ್ನು ಕೌಂಟರ್ ಬಳಿಯೇ ಓದಬೇಕು. ಎಂಆರ್‌ಪಿ ಮೀರಿ ತೆಗೆದುಕೊಂಡರೆ 1915 ಸಹಾಯವಾಣಿಗೆ ಫೋನ್ ಮಾಡಬಹುದು.

ಅಕ್ಕಿ ವಿಷಯದಲ್ಲಿ ಶಾರದಾ ನನಗಿಂತ ಬಲ್ಲವರು. ಪ್ಯಾಕ್ ಮಾಡಿದ ಅಕ್ಕಿಗೆ 25 ಕೆಜಿವರೆಗೆ 5% ಜಿಎಸ್‌ಟಿ ಬಿದ್ದದ್ದು 2022ರ ಜುಲೈನಲ್ಲಿ. ಆಮೇಲೆ ಮಿಲ್ಲಿನವರು 26 ಕೆಜಿ ಚೀಲ ತಂದರು, ಅದಕ್ಕೆ ಆ ತೆರಿಗೆ ಇಲ್ಲ. ಐದು ಕೆಜಿ ಪ್ಯಾಕೆಟ್‌ಗಿಂತ ಆ ಚೀಲವೇ ಮೇಲು ಅಂತ ಅವರು ಗಂಡನಿಗೆ ಹಿಂದೆಯೇ ಹೇಳಿದ್ದರಂತೆ. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಬೇಸಿಗೆಯಲ್ಲಿ ಹೊಸದು ಬಂದಾಗ ಪೇಟೆಯಲ್ಲೇ ವರ್ಷಕ್ಕಾಗುವಷ್ಟು ತರಬೇಕೆಂಬುದೂ ಅವರ ಮಾತೇ. ನಾನು ಬರೀ ಬರೆದುಕೊಟ್ಟೆ.

ಇನ್ನೊಂದು ಷರತ್ತು ಇತ್ತು: ಓಣಿಯಲ್ಲಿ, ಅಂಗಡಿಯಲ್ಲಿ, ಮಕ್ಕಳ ಮುಂದೆ ಲೆಕ್ಕ ಕೇಳುವಂತಿಲ್ಲ. ತಿಂಗಳ ಕೊನೆಗೆ ಮನೆಯಲ್ಲಿ ಕೂತು ಇಬ್ಬರ ಪುಸ್ತಕವನ್ನೂ ನೋಡಬೇಕು, ಮಲ್ಲಣ್ಣನ ಪೆಟ್ರೋಲು, ಹೋಟೆಲ್ ಖರ್ಚು ಸೇರಿ.

ಎಲ್ಲವನ್ನೂ ಒಪ್ಪಲಿಲ್ಲ. ಪೂರ್ತಿ ದುಡ್ಡನ್ನು ಒಂದೇ ಸಲ ಕೊಡಲು ಮಲ್ಲಣ್ಣನಿಗೆ ಇನ್ನೂ ಧೈರ್ಯ ಬಂದಿಲ್ಲ, ಎರಡು ಕಂತಿನಲ್ಲಿ ಹಾಕುತ್ತಾರೆ. ದಿನಸಿ ಪೂರ್ತಿ ಮಾರ್ಟಿನಿಂದಲೇ ಬರಲಿ ಅಂದರೆ ಶಾರದಾ ಒಪ್ಪುವುದಿಲ್ಲ. ಕಷ್ಟಕ್ಕಾದ ಅಂಗಡಿ ಬಿಡಲ್ಲ ಎನ್ನುತ್ತಾರೆ. ನಾನೂ ಬಿಡಿ ಅನ್ನಲಿಲ್ಲ. ಮೊಸರು, ಬೆಲ್ಲ, ಸಂಜೆಗೆ ಬೇಕಾದ ಸಣ್ಣಪುಟ್ಟದ್ದು ಅಲ್ಲಿಂದಲೇ ಬರುತ್ತದೆ. ಉದ್ರಿ ತೀರಿದೆ.

ಹೋದ ತಿಂಗಳು ಮತ್ತೆ ಬಂದಿದ್ದರು. ಮಾರ್ಟಿನ ಸ್ವಂತ ಪ್ಯಾಕೆಟ್ಟಿನ ತೊಗರಿಬೇಳೆ ಕೆಜಿಗೆ ಇಪ್ಪತ್ತು ರೂಪಾಯಿ ಅಗ್ಗ ಅಂತ ಮಲ್ಲಣ್ಣ. ಅದು ಎಷ್ಟು ಕೂಗು ಕೂಗಿಸಿದರೂ ಬೇಯುವುದಿಲ್ಲ, ಗ್ಯಾಸ್ ದಂಡ ಅಂತ ಅತ್ತೆ. ಶಾರದಾ ಯಾರ ಕಡೆಯೂ ಸೇರಲಿಲ್ಲ. ಅರ್ಧ ಕೆಜಿ ತಂದು ಬೇಯಿಸಿ ನೋಡಿ, ಬೆಂದರೆ ಆಮೇಲೆ ಐದು ಕೆಜಿ ತನ್ನಿ ಎಂದಿದ್ದೇನೆ.