ಮಾಸ್ಟರ್, ನೀವ್ಯಾಕ ಬ್ಲಾಕ್ ಮಾಡ್ಲಿಲ್ಲ?

ಕರಾಟೆಯಲ್ಲೋ ಟೇಕ್ವಾಂಡೋದಲ್ಲೋ ಬ್ಲ್ಯಾಕ್ ಬೆಲ್ಟ್ ಪಡೆದು, ಅದರ ಬಲದ ಮೇಲೆ ಸಿನಿಮಾಕ್ಕೆ ಹೊರಟ ಹುಡುಗರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುತ್ತಲೇ ಇರುತ್ತಾರೆ. ಬರುತ್ತಾರೆ ಎನ್ನುವುದಕ್ಕಿಂತ ಅಪ್ಪ ಅಮ್ಮ ಕರೆತರುತ್ತಾರೆ. ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಹತ್ತು ಹನ್ನೆರಡು ವರ್ಷ ಬೆಳಗಿನ ಜಾವ ಎದ್ದು ಕಲಿತ ವಿದ್ಯೆಯನ್ನು ಮುಂದೆ ಎಲ್ಲಿಗೆ ಒಯ್ಯಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕರಾಟೆಗೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕಿದ್ದೇ ಒಂದು ಸಲ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. 2024ರ ಪ್ಯಾರಿಸ್ ಕೂಟದಲ್ಲಿ ಅದು ಇರಲಿಲ್ಲ. ಇನ್ನು ಹುಡುಗರ ಕಣ್ಣಿಗೆ ಕಾಣುವುದು ಎರಡೇ: ಬೇಸಿಗೆ ರಜೆಯಲ್ಲಿ ತುಂಬಿ ಜೂನ್‌ನಲ್ಲಿ ಖಾಲಿಯಾಗುವ ಮಕ್ಕಳ ಕ್ಲಾಸು, ಮತ್ತು ಗೋಡೆಯ ಮೇಲಿನ ಬ್ರೂಸ್ ಲೀ.

ಈ ಪ್ರಕರಣವನ್ನು ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬಳ್ಳಾರಿಯ ಹುಡುಗ, ಇಪ್ಪತ್ತರ ಆಸುಪಾಸು. ಮನೆಯಲ್ಲಿ ಜೀನ್ಸ್ ಹೊಲಿಗೆ, ಅಪ್ಪನದೇ ಸಣ್ಣ ಯೂನಿಟ್ಟು. ಪದವಿ ಅರ್ಧಕ್ಕೆ ನಿಂತಿದೆ. ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದ. ಪರಿಚಯದವರೊಬ್ಬರ ಮೂಲಕ ಬೆಂಗಳೂರಿನಲ್ಲಿ ಫೈಟರ್ ಕೆಲಸ ಸಿಕ್ಕಿತು. ಕರೆ ಬಂದಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು, ಎರಡು ಮೂರು ದಿನ ಏಟು ತಿನ್ನುವ ಪಾತ್ರ ಮಾಡುವುದು, ತಿರುಗಿ ಬರುವುದು. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ಬೆಂಗಳೂರಿಗೂ ಹೋಗಲಿಲ್ಲ, ಕ್ಲಾಸಿಗೂ ಹೋಗಲಿಲ್ಲ. ಮನೆಯಲ್ಲಿ ಮಾತು ನಿಂತಿತು.

ಮೊದಲ ದಿನ ತಂದೆಯೇ ಮಾತಾಡಿದರು. "ಹುಡುಗ ಕೆಟ್ಟೋನಲ್ರೀ ಮೇಡಂ, ತಲ್ಯಾಗ ಸಿನಿಮಾ ಹೊಕ್ಕೈತಿ. ಅದೊಂದು ಬಿಡಿಸಿಕೊಡ್ರಿ, ಸಾಕು." ಮಗ ಕೈಕಟ್ಟಿಕೊಂಡು ನೆಲ ನೋಡುತ್ತಿದ್ದ. ಬೆನ್ನು ಮಾತ್ರ ನೆಟ್ಟಗಿತ್ತು. ಮುಂದಿನ ಸಲ ಒಬ್ಬನೇ ಬಾ ಎಂದೆ.

ಬಂದ. ಮಾತಿಗೆ ಬದಲು ಫೋನ್ ತೆಗೆದು ಒಂದು ದೃಶ್ಯ ತೋರಿಸಿದ. ಸಂತೆಯಲ್ಲಿ ಹೊಡೆದಾಟ. ನಾಯಕನ ಕಾಲು ಬೀಸುತ್ತದೆ, ಕೆಂಪು ಅಂಗಿಯವನೊಬ್ಬ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಈರುಳ್ಳಿ ಚೀಲಗಳ ಮೇಲೆ ಬೀಳುತ್ತಾನೆ. ಆ ಕೆಂಪು ಅಂಗಿ ಇವನದು.

"ಅವ್ರ ಕಾಲು ನನಗ ತಾಗೇ ಇಲ್ಲ ಮೇಡಂ. ಹಾರಿದ್ದು ನಾನ. ಅವ್ರಿಗೆ ಸೊಂಟದ ಮ್ಯಾಲೆ ಕಾಲು ಎತ್ತಾಕ ಬರಲ್ಲ."

ಅದನ್ನು ಅವನು ಹೇಳಿದ್ದು ಹೆಮ್ಮೆಯಿಂದಲ್ಲ, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ. ದುಡ್ಡು ಕಡಿಮೆಯಾಯಿತೇ, ಯಾರಾದರೂ ಅವಮಾನ ಮಾಡಿದರೇ, ಪೆಟ್ಟಾಯಿತೇ ಎಂದು ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ತಲೆ ಅಲ್ಲಾಡಿಸಿದ. ಕೊನೆಗೆ, ಇದನ್ನು ಯಾರ ಯಾರು ನೋಡಿದರು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಕ್ಲಾಸಿನ ಮಕ್ಕಳು ನೋಡಿದ್ರು. ಹಳದಿ ಬೆಲ್ಟಿನ ಹುಡುಗಿ ಒಂದೈತಿ, ಸಣ್ಣದು. ಅದು ಎಲ್ಲಾರ ಮುಂದ ಕೇಳ್ತು: ಮಾಸ್ಟರ್, ನೀವ್ಯಾಕ ಬ್ಲಾಕ್ ಮಾಡ್ಲಿಲ್ಲ?"

"ನೀನೇನಂದೆ?"

"ಏನೂ ಅನ್ನಲಿಲ್ಲ. ಅವತ್ತಿಂದ ಕ್ಲಾಸಿಗೆ ಹೋಗಿಲ್ಲ."

ಇಡೀ ಪ್ರಕರಣ ಇರುವುದು ಈ ಪ್ರಶ್ನೆಯಲ್ಲಿ. ಸಿನಿಮಾದ ಸೆಳೆತದಿಂದ ಮಗ ಕ್ಲಾಸು ಬಿಟ್ಟನೆಂದು ತಂದೆ ನಂಬಿದ್ದರು. ನಡೆದದ್ದು ಬೇರೆ. ಆ ಮಗು ಕೇಳಿದ್ದು ಅನ್ಯಾಯದ ಪ್ರಶ್ನೆಯೇನಲ್ಲ. ಹೊಡೆತ ಬಂದರೆ ತಡೆಯಬೇಕು ಎಂದು ದಿನವೂ ಹೇಳಿಕೊಟ್ಟವನು ಇವನೇ. ಸೆಟ್‌ನಲ್ಲಿ ಇವನಿಗೆ ಕೂಲಿ ಕೊಡುವುದೇ ತಡೆಯದೆ ಇರುವುದಕ್ಕೆ. ಒಂದೇ ಮೈ ಸಂಜೆ ಒಂದು ಪಾಠ ಹೇಳಿ, ಬೆಂಗಳೂರಿನಲ್ಲಿ ಅದಕ್ಕೆ ತದ್ವಿರುದ್ಧ ದುಡಿಯುತ್ತಿತ್ತು. ಅವೆರಡರ ನಡುವೆ ಏನು ಸಂಬಂಧವೆಂದು ಅವನೂ ಯೋಚಿಸಿರಲಿಲ್ಲ.

ದೃಶ್ಯವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದೆ. ನನಗೆ ಫೈಟ್ ಗೊತ್ತಿಲ್ಲ, ಮುಖ ನೋಡಿ ಗೊತ್ತು. ಹಾರುವಾಗ, ಬೀಳುವಾಗ, ಬಿದ್ದ ಮೇಲೂ ಅವನ ಮುಖ ಒಂದೇ ತೆರ ಇತ್ತು. ಕೇಳಿದೆ. ನಕ್ಕ, ಅದೇ ಮೊದಲ ಸಲ. "ಫೈಟ್ ಮಾಸ್ಟರೂ ಅದನ್ನ ಬೈತಾರ್ರೀ. ಮುಖದಾಗ ನೋವು ತೋರ್ಸೋ, ರಿಯಾಕ್ಷನ್ ಕೊಡೋ ಅಂತ. ಬರಲ್ಲ. ನೋವು ತೋರ್ಸಬ್ಯಾಡ ಅಂತ ಹೇಳಿ ಹೇಳಿ ಬೆಳೆಸ್ಯಾರ."

ಇಲ್ಲಿ ನಾನು ಬ್ರೂಸ್ ಲೀ ವಿಷಯ ತೆಗೆದೆ. ಅವರ ಬದುಕನ್ನು ನಮ್ಮ ಹುಡುಗರು ಅರ್ಧದಿಂದ ಓದುತ್ತಾರೆ. ಕುಂಗ್‌ಫು ಕಲಿತರು, ಸ್ಟಾರ್ ಆದರು ಎಂಬಷ್ಟೇ ಅವರಿಗೆ ಗೊತ್ತು. 1940ರಲ್ಲಿ ಹುಟ್ಟಿದ ಬ್ರೂಸ್ ಲೀಯ ತಂದೆ ಕ್ಯಾಂಟನೀಸ್ ಗೀತನಾಟಕದ ನಟ. ಮಗ ಕೈಗೂಸಾಗಿದ್ದಾಗಲೇ ಕ್ಯಾಮೆರಾ ಮುಂದೆ ಬಂದವನು, ಹದಿನೆಂಟರ ಹೊತ್ತಿಗೆ ಹಾಂಗ್‌ಕಾಂಗ್‌ನ ಸುಮಾರು 20 ಚಿತ್ರಗಳಲ್ಲಿ ಬಾಲನಟನಾಗಿ ಮಾಡಿದ್ದವನು. ನಟನೆ ಮೊದಲು ಬಂತು. ಆಮೇಲೆ ಅಮೆರಿಕದಲ್ಲಿ ಕುಂಗ್‌ಫು ಶಾಲೆ, 1966ರಲ್ಲಿ ಟಿವಿ ಧಾರಾವಾಹಿಯಲ್ಲಿ ನಾಯಕನ ಸಹಾಯಕನ ಪಾತ್ರ, 1970ರಲ್ಲಿ ಬೆನ್ನಿಗೆ ದೊಡ್ಡ ಪೆಟ್ಟು. ದೊಡ್ಡವರಾದ ಮೇಲೆ ಮುಖ್ಯ ಪಾತ್ರದ ಮೊದಲ ಚಿತ್ರ ‘ದಿ ಬಿಗ್ ಬಾಸ್’ ಬಂದದ್ದು 1971ರಲ್ಲಿ. 1973ರ ಜುಲೈ 20ಕ್ಕೆ ತೀರಿಕೊಂಡರು, ಮೂವತ್ತೆರಡು ವರ್ಷ. ಪೋಸ್ಟರಿನಲ್ಲಿ ನಾವು ನೋಡುವ ಬ್ರೂಸ್ ಲೀ ಇದ್ದದ್ದು ಎರಡು ವರ್ಷ ಮಾತ್ರ.

ಅದಕ್ಕಿಂತ ಅವನಿಗೆ ನಾಟಿದ್ದು ಇನ್ನೊಂದು ಸಂಗತಿ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯ ಕೊನೆಯಲ್ಲಿ ಬ್ರೂಸ್ ಲೀ ಒದೆತಕ್ಕೆ ಖಳ ಗೋಡೆ ಒಡೆದುಕೊಂಡು ಹೊರಗೆ ಹೋಗಿ ಬೀಳುತ್ತಾನಲ್ಲ, ಹಾಗೆ ಬಿದ್ದ ಡೂಪ್ ಆಗಿನ್ನೂ ಹದಿಹರೆಯದ ಜಾಕಿ ಚಾನ್. ಪೀಕಿಂಗ್ ಗೀತನಾಟಕ ಶಾಲೆಯಲ್ಲಿ ಚಿಕ್ಕಂದಿನಿಂದ ಸುಮಾರು ಹತ್ತು ವರ್ಷ ಹಾಡು, ಅಭಿನಯ, ಲಾಗ ಎಲ್ಲ ಕಲಿತು ಬಂದವರು. ಹುಡುಗ ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದ, ಬಿದ್ದವನನ್ನು ನೋಡಿರಲಿಲ್ಲ. ಫೋನಿನಲ್ಲಿ ಹುಡುಕಿ, ನನ್ನೆದುರೇ ಹಿಂದೆ ಮುಂದೆ ಓಡಿಸಿ ನೋಡಿದ. "ಇವ್ರು ಬೀಳಲಿಲ್ಲ ಅಂದ್ರ ಅವ್ರ ಒದೆತಕ್ಕ ಬೆಲೆ ಇಲ್ಲ" ಎಂದ. ಅದನ್ನು ನಾನು ಹೇಳಿಕೊಟ್ಟಿದ್ದಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಕ್ಲಾಸಿಗೆ ಹೋಗಿ ಆ ಮಗುವಿನ ಪ್ರಶ್ನೆಗೆ ಉತ್ತರ ಹೇಳು, ಬೇಕಾದರೆ ದೃಶ್ಯ ತೋರಿಸಿಯೇ ಹೇಳು. ಅದಾಗುವವರೆಗೆ ಬೆಂಗಳೂರಿನ ಮಾತು ಬೇಡ. ಎರಡನೆಯದು, ಊರಿನಲ್ಲೇ ನಾಟಕದವರ ಜೊತೆ ಸೇರಿ ಮುಖ ಪಳಗಿಸು, ಮಾತು ಪಳಗಿಸು. ನಮ್ಮ ರಾಘವ ಕಲಾಮಂದಿರ ಯಾರ ಹೆಸರಿನಲ್ಲಿದೆ ಎಂದರೆ ಅವನಿಗೆ ಗೊತ್ತಿರಲಿಲ್ಲ. ಬಳ್ಳಾರಿ ರಾಘವ ವಕೀಲರು, ಸರ್ಕಾರಿ ವಕೀಲರೂ ಆಗಿದ್ದವರು. ಕೋರ್ಟು ಬಿಡದೆ ರಂಗದ ಮೇಲೆ ದೊಡ್ಡ ಹೆಸರು ಮಾಡಿದರು, 1930ರ ದಶಕದಲ್ಲಿ ಐವತ್ತು ದಾಟಿದ ಮೇಲೆ ಸಿನಿಮಾದಲ್ಲೂ ನಟಿಸಿದರು. ಹೊಟ್ಟೆಪಾಡು ಒಂದು ಕೈಯಲ್ಲಿ, ಕಲೆ ಇನ್ನೊಂದು ಕೈಯಲ್ಲಿ ಹಿಡಿಯುವುದು ಈ ಊರಿಗೆ ಹೊಸದಲ್ಲ. ಅಕ್ಷಯ್ ಕುಮಾರ್ ಕೂಡ ಬ್ಯಾಂಕಾಕ್‌ನಲ್ಲಿ ಹೋಟೆಲ್ ಕೆಲಸ ಮಾಡುತ್ತ ಸಮರಕಲೆ ಕಲಿತು, ಮುಂಬೈಯಲ್ಲಿ ಅದನ್ನೇ ಹೇಳಿಕೊಡುತ್ತಿದ್ದವರು. ಮಾಡೆಲಿಂಗ್‌ನ ದಾರಿ ತೆರೆದದ್ದು ಕ್ಲಾಸಿನಿಂದಲೇ. ಕ್ಲಾಸು ಮುಚ್ಚಿ ಹೊರಡುವವರಿಗೆ ಇದನ್ನು ನಾನು ಪ್ರತಿಸಲ ಹೇಳುತ್ತೇನೆ.

ಮೂರನೆಯದು ಮೈಯ ಲೆಕ್ಕ. ಇದರಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ಕಲಾವಿದರು ಮುಳುಗಿ ಸತ್ತರು. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಫೈಟ್ ದೃಶ್ಯದ ಚಿತ್ರೀಕರಣದಲ್ಲಿ ವಿದ್ಯುತ್ ತಗುಲಿ ಫೈಟರ್ ಒಬ್ಬ ಹೋದ. ಜಾಕಿ ಚಾನ್ ಕೂಡ 1986ರಲ್ಲಿ ಗೋಡೆಯಿಂದ ಮರಕ್ಕೆ ಜಿಗಿಯಲು ಹೋಗಿ ತಲೆಬುರುಡೆ ಒಡೆದುಕೊಂಡವರೇ. ಬೀಳುವ ಜಾಗದಲ್ಲಿ ಬೆಡ್ ಇದೆಯೇ, ಹಗ್ಗ ಹಿಡಿದವರು ಯಾರು, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಎಂದು ಕೇಳಿಯೇ ಜಿಗಿಯಬೇಕು, ಉತ್ತರ ಬಾರದಿದ್ದರೆ ಜಿಗಿಯಬಾರದು. ವಿಮೆ ಇದೆ ಎಂದ. ನೋಡಿದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಸತ್ತರೆ ಅಥವಾ ಪೂರ್ತಿ ಅಂಗವೈಕಲ್ಯವಾದರೆ 2 ಲಕ್ಷ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಿಂದ ಕಾಸೂ ಬರುವುದಿಲ್ಲ. ಬೇರೆ ಪಾಲಿಸಿ ಮಾಡಿಸುವಾಗ ಮಾಡುವ ಕೆಲಸ ಇಂಥದ್ದೆಂದು ಬಾಯಿಬಿಟ್ಟು ಹೇಳಿ ಬರೆಸಬೇಕು, ಮುಚ್ಚಿಟ್ಟರೆ ಹಣ ಕೇಳುವ ಹೊತ್ತಿಗೆ ಅದೇ ನೆಪವಾಗುತ್ತದೆ.

ತಂದೆಗೆ ಸಿಟ್ಟು ಬಂತು. "ನಾವು ಬಂದದ್ದು ಒಂದಕ್ಕ, ನೀವು ಮಾಡಿದ್ದು ಒಂದು." ನಮ್ಮ ವೃತ್ತಿಯವರಲ್ಲೂ ಒಬ್ಬರು ಆಕ್ಷೇಪಿಸಿದರು: ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳುವಂತೆ ಮಾಡಬೇಕು, ನೀವು ಅಕ್ಕನ ಹಾಗೆ ಬುದ್ಧಿ ಹೇಳುತ್ತೀರಿ. ಪುಸ್ತಕದ ಮಟ್ಟಿಗೆ ಅವರ ಮಾತು ಸರಿ. ನಾಳೆ ಬೆಳಗ್ಗೆ ಮಹಡಿಯಿಂದ ಜಿಗಿಯುವವನನ್ನು ಕೂರಿಸಿಕೊಂಡು "ಇದರ ಬಗ್ಗೆ ನಿನಗೇನನ್ನಿಸುತ್ತದೆ" ಎಂದು ಕೇಳುತ್ತ ಕೂರುವ ಪುರುಸೊತ್ತು ನನಗಿಲ್ಲ. ಸಿನಿಮಾ ಬಿಡಿಸಿ ಎಂದವರಿಗೂ ನನ್ನ ಉತ್ತರ ಅಷ್ಟೇ ನೇರ. ಬಿಡಿಸುವುದು ಸುಲಭವಿತ್ತು. ಆಗಲೇ ಸೋತ ಮುಖ ಹೊತ್ತು ಬಂದಿದ್ದ, ಒಂದು ಮಾತು ಸಾಕಿತ್ತು. ಹಾಗೆ ಬಿಟ್ಟವರನ್ನು ಮೂವತ್ತೈದರ ವಯಸ್ಸಿನಲ್ಲಿ ನೋಡಿದ್ದೇನೆ. ಯಾವ ಕೆಲಸದಲ್ಲೂ ಕಾಲೂರದೆ, ತಪ್ಪಿಸಿದವರು ಇಂಥವರು ಎಂದು ಅಪ್ಪನ ಕಡೆ ಬೆರಳು ತೋರಿಸುತ್ತಿರುತ್ತಾರೆ.

ಕ್ಲಾಸಿಗೆ ಹೋದ. ಬೀಳುವುದೂ ವಿದ್ಯೆ ಎಂದು ಮಕ್ಕಳಿಗೆ ವಿವರಿಸಿ, ಚಾಪೆ ಹಾಕಿ ಹಾರಿ ತೋರಿಸಿದನಂತೆ. ಹಳದಿ ಬೆಲ್ಟಿನ ಹುಡುಗಿ ಎಲ್ಲ ಕೇಳಿ, "ಆದ್ರೂ ಬ್ಲಾಕ್ ಮಾಡಬೋದಿತ್ತು" ಎಂದಿತಂತೆ. ಇಬ್ಬರು ಮಕ್ಕಳನ್ನು ಪೋಷಕರು ಬಿಡಿಸಿಕೊಂಡರು. ಉಳಿದವರು ಬರುತ್ತಿದ್ದಾರೆ. ನಾಟಕದ ತಾಲೀಮಿನಲ್ಲಿ ಅವನಿಗೆ ಈವರೆಗೆ ಕೊಟ್ಟಿರುವುದು ಎರಡು ಮಾತಿನ ದ್ವಾರಪಾಲಕನ ಪಾತ್ರ. ಅದರಲ್ಲೂ ಒಂದು ಮಾತು ನುಂಗುತ್ತಾನೆ ಎಂದು ನಿರ್ದೇಶಕರ ದೂರು.

ಈಚೆಗೆ ಫೋನ್ ಮಾಡಿದ್ದ. ಸೆಟ್‌ನಲ್ಲಿ ಮೊದಲ ಮಹಡಿಯಿಂದ ಜಿಗಿಯಲು ಹೇಳಿದರಂತೆ, ಕೆಳಗೆ ಬೆಡ್ ಸಾಲದು ಎಂದು ಇವನು ಒಲ್ಲೆ ಅಂದನಂತೆ. ಬೈಗುಳವಾಯಿತು, ಕೂಲಿ ಹೋಯಿತು, ಬೇರೆಯವನು ಜಿಗಿದ. ಅಪ್ಪನಿಗೆ ಹೇಳಲೋ ಬೇಡವೋ ಎಂದು ಕೇಳಿದ. ಹೇಳು ಎಂದೆ. ಮರುದಿನ ತಂದೆಯೇ ಫೋನ್ ಮಾಡಿದರು. "ಮೇಡಂ, ಜಿಗಿಯಾಕ ಒಲ್ಲೆ ಅನ್ನೋನು ಅಲ್ಲಿಗೆ ಹೋಗಾದ್ಯಾಕ?" ಅದನ್ನು ಮಗನನ್ನೇ ಕೇಳಿ ಎಂದೆ. ಬರುವ ಶನಿವಾರ ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದಿದ್ದಾರೆ.