‘ನಾನು ಆಮೇಲೆ’ ಎನ್ನುವವರು ಯಾರು?

“ಬೆದರಿಕೆ ಪತ್ರದ ಭಾಷೆ ನೋಡಿಯೇ ಬರೆದವರು ಯಾರು ಅಂತ ಹೇಳುವ ವಿದ್ಯೆ ಇದೆಯಂತೆ. ನಮ್ಮ ಪೊಲೀಸರೂ ಕಲಿತರೆ ಕಳ್ಳರು ತಪ್ಪಿಸಿಕೊಳ್ಳೋದು ಕಷ್ಟ ಅಲ್ವಾ?” ಎಂದು ಕುಂದಾಪುರದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ.

ಮೇಷ್ಟ್ರೇ, ವಿದ್ಯೆ ಇರೋದು ನಿಜ. 1995ರಲ್ಲಿ ಅಮೆರಿಕದ ಬಾಂಬರ್ ಒಬ್ಬ ಬರೆದ 35,000 ಪದಗಳ ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ತಮ್ಮ ಮತ್ತು ಅವನ ಹೆಂಡತಿಗೆ ಮಾತಿನ ವರಸೆ ಗುರುತು ಸಿಕ್ಕಿತು. ಮರುವರ್ಷ ಟೆಡ್ ಕಜಿನ್ಸ್ಕಿ ಸಿಕ್ಕಿಬಿದ್ದ. ಒಳ್ಳೆಯದೇ ಆಯಿತು.

ಆದರೆ ನಿಮ್ಮ ಕಣ್ಣು ಕಳ್ಳನ ಮೇಲೆ ಮಾತ್ರ ಇದೆ. ಹೇಳಿಕೆ ಬರೆದುಕೊಳ್ಳುವ ಕೈಯನ್ನೂ ಸ್ವಲ್ಪ ನೋಡಿ.

1952ರ ನವೆಂಬರ್, ಲಂಡನ್ನಿನ ಕ್ರಾಯ್ಡನ್. ಕಳ್ಳತನಕ್ಕೆ ಹೋದ ಇಬ್ಬರು ಹುಡುಗರಲ್ಲಿ 16ರ ಕ್ರಿಸ್ಟೋಫರ್ ಕ್ರೇಗ್ ಒಬ್ಬ ಪೊಲೀಸರನ್ನು ಗುಂಡಿಟ್ಟು ಕೊಂದ. ವಯಸ್ಸು ಸಾಲದ್ದಕ್ಕೆ ಅವನಿಗೆ ಗಲ್ಲು ತಪ್ಪಿತು. ಆಗಲೇ ಪೊಲೀಸರ ಕೈಗೆ ಸಿಕ್ಕಿದ್ದ, ಓದು ಬರಹ ಸರಿಯಾಗಿ ಬಾರದ 19ರ ಡೆರೆಕ್ ಬೆಂಟ್ಲಿಯನ್ನು 1953ರ ಜನವರಿಯಲ್ಲಿ ನೇಣಿಗೆ ಹಾಕಿದರು. ಪೊಲೀಸರ ಪ್ರಕಾರ, ಗುಂಡು ಹಾರುವ ಮುಂಚೆ ಅವನು ಕ್ರೇಗ್‌ಗೆ ‘ಕೊಡು ಅವನಿಗೆ’ ಎಂದು ಕೂಗಿದನಂತೆ. ಬಂದೂಕು ಕೊಟ್ಟುಬಿಡು ಅಂತಲೋ, ಗುಂಡು ಹೊಡಿ ಅಂತಲೋ? ನಮ್ಮಲ್ಲೂ ‘ಕೊಡು ಅವ್ನಿಗೆ’ ಅಂದರೆ ಎರಡೂ ಆಗುತ್ತೆ, ನೋಡಿ. ಹಾಗೆ ಕೂಗಿದ್ದೇ ಸುಳ್ಳು ಎಂದು ಇಬ್ಬರೂ ಹೇಳಿದ್ದರು.

ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಬೆಂಟ್ಲಿ ತಾನಾಗಿ ಹೇಳಿದ್ದನ್ನು ಬರೆದುಕೊಂಡೆವು ಎಂದು ಪೊಲೀಸರು ಪ್ರಮಾಣ ಮಾಡಿದ್ದರು. ಮುಂದೆ ಭಾಷಾವಿಜ್ಞಾನಿ ಮಾಲ್ಕಮ್ ಕೂಲ್ತಾರ್ಡ್ ಆ ಹೇಳಿಕೆಯನ್ನು ಕೂತು ಓದಿದರು. ಜನ ‘ಆಮೇಲೆ ನಾನು’ ಅನ್ನುವ ಕಡೆ ಅದರಲ್ಲಿ ‘ನಾನು ಆಮೇಲೆ’ ಎಂದಿತ್ತು. ಅದು ಪೊಲೀಸರ ಬರವಣಿಗೆಯ ಧಾಟಿ. ಯಾರೂ ಕೇಳದಿದ್ದರೆ ಹೇಳುವ ಅಗತ್ಯವೇ ಇಲ್ಲದ ‘ಇಲ್ಲ, ಗೊತ್ತಿರಲಿಲ್ಲ’ಗಳೂ ಇದ್ದವು. 1998ರಲ್ಲಿ ಬೆಂಟ್ಲಿ ತಪ್ಪಿತಸ್ಥ ಎಂಬ ತೀರ್ಪು ರದ್ದಾಯಿತು. ಅದಕ್ಕೆ ಮುಖ್ಯ ಕಾರಣ ಅಂದಿನ ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಮಂಡಳಿಗೆ, ಪ್ರಕರಣವನ್ನು ತಪ್ಪಾಗಿ ವಿವರಿಸಿದ್ದು. ಆದರೂ ‘ಆಮೇಲೆ’ ಎಂಬ ಆ ಚಿಕ್ಕ ಪದ ನನ್ನನ್ನು ಬಿಟ್ಟಿಲ್ಲ.

ಹಿಂದೊಮ್ಮೆ ಪಕ್ಕದ ಮನೆಯ ಕೆಲಸದ ಹೆಂಗಸಿನ ಜೊತೆ ಠಾಣೆಗೆ ಹೋಗಿದ್ದೆ. “ಬಂದವ್ನೇ ಕೈ ಮಾಡ್ದ, ಬಾಯಿಗ್ ಬಂದಂಗ್ ಬೈದ” ಎಂದರು ಆಕೆ. ಹಾಳೆಗೆ ಇಳಿದದ್ದು: “ಸದರಿ ಆಸಾಮಿಯು ಏಕಾಏಕಿ ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹಲ್ಲೆ ಮಾಡಿ, ಜೀವ ಬೆದರಿಕೆ ಹಾಕಿರುತ್ತಾನೆ.” ಜೀವ ಬೆದರಿಕೆಯ ಮಾತನ್ನು ಆಕೆ ಎತ್ತಿಯೇ ಇರಲಿಲ್ಲ. ಕೊನೆಗೆ “ಓದಿ ಹೇಳಲು ಕೇಳಿದೆ, ಸರಿ ಇದೆ” ಎಂಬ ಸಾಲು, ಅದರ ಕೆಳಗೆ ಹೆಬ್ಬೆಟ್ಟು. ಯಾರೂ ಓದಿ ಹೇಳಿರಲಿಲ್ಲ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬ ನಿಯಮ ನಮ್ಮಲ್ಲಿ ಹಳೆಯದು, ಪುಣ್ಯ. ಆದರೆ ದೂರು, ಸಾಕ್ಷಿಗಳ ಹೇಳಿಕೆ? 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ ಮತ್ತು ಜಪ್ತಿಗೆ ವಿಡಿಯೊ ಕಡ್ಡಾಯ. ಸಾಕ್ಷಿಯ ಹೇಳಿಕೆಗೆ ಮಾತ್ರ ‘ಮಾಡಬಹುದು’. ಲಂಬಾಣಿ, ಸೋಲಿಗ, ತುಳು, ನಿಮ್ಮ ಕುಂದಾಪುರದ ಮಾತು, ಎಲ್ಲವೂ ಠಾಣೆಯಲ್ಲಿ ಅದೇ ‘ಸದರಿ’ ಕನ್ನಡವಾಗುತ್ತೆ. ಜನರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಇಟ್ಟುಕೊಳ್ಳೋದು ಅಷ್ಟು ಕಷ್ಟವೇ? ಫೋನು ಎಲ್ಲರ ಜೇಬಲ್ಲೂ ಇದೆ.

ನೀವು ಮಕ್ಕಳ ಉತ್ತರಪತ್ರಿಕೆ ತಿದ್ದಿದವರು. ಯಾರು ಯಾರದ್ದನ್ನು ನೋಡಿ ಬರೆದರು ಅಂತ ಎರಡು ಸಾಲಿಗೇ ಹಿಡಿದಿರುತ್ತೀರಿ. ಊರಲ್ಲಿ ಯಾರಾದರೂ ದೂರು ಕೊಡಲು ಹೊರಟರೆ ಜೊತೆಗೆ ಹೋಗಿ. ಹೆಬ್ಬೆಟ್ಟಿಗೆ ಮುಂಚೆ ಗಟ್ಟಿಯಾಗಿ ಓದಿಸಿ, ಅವರು ಹೇಳದ ಮಾತು ಕಂಡರೆ ಅಲ್ಲೇ ಹೊಡೆದುಹಾಕಿಸಿ.