ಹಗುರ ರೈಫಲ್‌ಗೆ .308 ತಗೊಳ್ಳಲಾ, 7 ಎಂಎಂ-08 ತಗೊಳ್ಳಲಾ?

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯವನು. ಆರು ವರ್ಷದಿಂದ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಕೆಲಸದಲ್ಲಿದ್ದೇನೆ. ಅಲ್ಲಿ ಕೋವಿ ಲೈಸೆನ್ಸ್ ಪಡೆದಿದ್ದೇನೆ. ಗೆಳೆಯರ ಜೊತೆ ಕೆಂಪು ಜಿಂಕೆ ಮತ್ತು ತಾರ್ (ಒಂದು ಬಗೆಯ ಕಾಡುಮೇಕೆ) ಬೇಟೆಗೆ ಬೆಟ್ಟ ಹತ್ತುತ್ತೇನೆ. ಈವರೆಗೆ ಗೆಳೆಯನ 4 ಕೆ.ಜಿ. ತೂಕದ .308 ಬಳಸುತ್ತಿದ್ದೆ. ಈಗ ಸ್ಕೋಪ್ ಸೇರಿ 3 ಕೆ.ಜಿ. ಬರುವ ಸ್ವಂತ ರೈಫಲ್ ಕೊಳ್ಳಬೇಕು. .308 ವಿಂಚೆಸ್ಟರ್ ಒಳ್ಳೆಯದಾ, 7 ಎಂಎಂ-08 ರೆಮಿಂಗ್ಟನ್ ಒಳ್ಳೆಯದಾ? ಯುಗಾದಿಗೆ ಊರಿಗೆ ಬರುತ್ತಿದ್ದೇನೆ. ಹೊಲದಲ್ಲಿ ಕಡಲೆಕಾಯಿಗೆ ಹಂದಿ ಕಾಟ, ಇಂಥದ್ದೊಂದು ಇಲ್ಲೂ ಇಟ್ಟುಕೊಳ್ಳಬಹುದಾ ಅಂತ ಅಪ್ಪ ಕೇಳುತ್ತಿದ್ದಾರೆ.

ಉತ್ತರ: 7 ಎಂಎಂ-08 ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಇವೆರಡೂ ಕಾಟ್ರಿಜ್‌ನ, ಅಂದರೆ ಮದ್ದು ಗುಂಡು ಸೇರಿದ ತೋಟಾದ, ಹೆಸರುಗಳು. ಒಂದೇ ಮನೆಯ ಮಕ್ಕಳು. .308 ಬಂದದ್ದು 1952ರಲ್ಲಿ. ಅದರ ಕೇಸಿನ (ಮದ್ದು ತುಂಬುವ ಲೋಹದ ಕೊಳವೆಯ) ಕತ್ತನ್ನು ಕಿರಿದು ಮಾಡಿ, 7 ಎಂಎಂ ಗುಂಡು ಕೂರಿಸಿ ರೆಮಿಂಗ್ಟನ್ ಕಂಪನಿ 1980ರಲ್ಲಿ ಇನ್ನೊಂದನ್ನು ಮಾರುಕಟ್ಟೆಗೆ ತಂದಿತು. ಮದ್ದು ಹಿಡಿಯುವ ಜಾಗ ಹೆಚ್ಚುಕಡಿಮೆ ಅಷ್ಟೇ. ಗುಂಡಿನ ಅಡ್ಡಳತೆ .308ರಲ್ಲಿ 7.8 ಮಿ.ಮೀ., 7 ಎಂಎಂ-08ರಲ್ಲಿ 7.2. ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ ವ್ಯತ್ಯಾಸ.

ಗುಂಡು ಸಣ್ಣದಾದರೆ ಆಳಕ್ಕೆ ಇಳಿಯುವುದಿಲ್ಲ ಅಂತ ತುಂಬಾ ಜನ ಹೆದರುತ್ತಾರೆ. 7 ಎಂಎಂ-08ಕ್ಕೆ ಸಾಮಾನ್ಯವಾಗಿ 140 ಗ್ರೇನ್ ಗುಂಡು ಹಾಕುತ್ತಾರೆ, ಅಂದರೆ ಸುಮಾರು 9 ಗ್ರಾಂ. .308ಕ್ಕೆ 165 ಗ್ರೇನ್, 10.7 ಗ್ರಾಂ. ಗುಂಡಿನ ದಪ್ಪಕ್ಕೆ ತೂಕ ಎಷ್ಟು ಅಂತ ಲೆಕ್ಕ ಹಾಕಿದರೆ ಎರಡಕ್ಕೂ ಒಂದೇ ಅಂಕಿ ಬರುತ್ತದೆ. ಹಾಗಾಗಿ ಒಂದೇ ಬಗೆಯ ಗುಂಡಾದರೆ ಎರಡೂ ಹೆಚ್ಚುಕಡಿಮೆ ಒಂದೇ ಆಳ ಇಳಿಯುತ್ತವೆ. ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೆ ತಾಗಿದರೆ ಕೆಂಪು ಜಿಂಕೆಗೆ ಎರಡರಲ್ಲಿ ಯಾವುದಾದರೂ ಸಾಕು. ಹಾರಾಟದಲ್ಲೂ ಅಂಥ ಅಂತರ ಇಲ್ಲ. 200 ಗಜದಲ್ಲಿ ಗುಂಡು ಸರಿಯಾಗಿ ಗುರಿಗೆ ತಾಗುವ ಹಾಗೆ ಸ್ಕೋಪ್ ಹೊಂದಿಸಿದರೆ 300 ಗಜದಲ್ಲಿ 7 ಎಂಎಂ-08 ಸುಮಾರು 7 ಇಂಚು ಕೆಳಗಿಳಿದಿರುತ್ತದೆ, .308 ಸುಮಾರು 8.

ಹಾಗಾದರೆ ಆಯ್ಕೆ ಮಾಡುವುದು ಯಾವುದರ ಮೇಲೆ? ನಿಮ್ಮ ಭುಜದ ಮೇಲೆ.

ಮಧುಗಿರಿ ಬೆಟ್ಟ ಹತ್ತಿದವರಿಗೆ ಒಂದು ಕೆ.ಜಿ. ಎಂದರೆ ಎಷ್ಟು ಭಾರ ಅಂತ ಹೇಳಿಕೊಡಬೇಕಾಗಿಲ್ಲ. ಹಗುರ ರೈಫಲ್ ಬೇಕು ಅನ್ನಿಸುವುದು ಸಹಜ. ಆದರೆ ರೈಫಲ್ ಹಗುರವಾದಷ್ಟೂ ಒದೆ, ಅಂದರೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಏಟು, ಜಾಸ್ತಿ. ನಾನು ಲೆಕ್ಕ ಹಾಕಿ ನೋಡಿದೆ. ಗೆಳೆಯನ 4 ಕೆ.ಜಿ. .308 ಸುಮಾರು 21 ಜೂಲ್ ಒದೆಯುತ್ತದೆ. ಅದೇ ಗುಂಡು, ಅದೇ ಮದ್ದು 3 ಕೆ.ಜಿ. ರೈಫಲ್‌ನಲ್ಲಿ 28 ಜೂಲ್. ಅದೇ 3 ಕೆ.ಜಿ.ಯ 7 ಎಂಎಂ-08 ಸುಮಾರು 23. ಅಂದರೆ ಒಂದು ಕೆ.ಜಿ. ಕಮ್ಮಿ ಹೊತ್ತೂ, ನಿಮಗೆ ಈಗಾಗಲೇ ರೂಢಿಯಾದ ಒದೆಯ ಹತ್ತಿರದಲ್ಲೇ ಇರುತ್ತೀರಿ.

ಒದೆ ತಡೆದುಕೊಳ್ಳೋದು ಗಂಡಸುತನದ ಮಾತಲ್ಲ. ನಾನು ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ .303 ಹಿಡಿದಾಗ ಬಟ್ ಅನ್ನು, ಅಂದರೆ ರೈಫಲ್‌ನ ಹಿಂತುದಿಯನ್ನು, ಭುಜಕ್ಕೆ ಸರಿಯಾಗಿ ಒತ್ತಿರಲಿಲ್ಲ. ಒಂದೇ ಏಟಿಗೆ ಭುಜ ನೀಲಿಗಟ್ಟಿತು. ಅದು ಮೂರು ದಿನಕ್ಕೆ ವಾಸಿಯಾಯಿತು. ಆದರೆ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿ ಭುಜ ಮುಂದೆ ತಳ್ಳುವ ಚಾಳಿ ಅಂಟಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಈಗ ತುಮಕೂರಿನಲ್ಲಿ ಮಕ್ಕಳಿಗೆ ಗುರಿ ಕಲಿಸುವಾಗ ನಾನು ಮೊದಲು ನೋಡುವುದು ಅವರ ಕಣ್ಣನ್ನು. ಗುರಿಯ ಹಾಳೆಯ ಮೇಲೆ ಆ ಚಾಳಿಯಿಂದ ಹೋಗುವುದು ನಾಲ್ಕು ಅಂಕ. ಬೆಟ್ಟದಲ್ಲಿ ಗುಂಡು ಹೊಟ್ಟೆಗೆ ಬಿದ್ದ ಜಿಂಕೆ ಗಂಟೆಗಟ್ಟಲೆ ನರಳುತ್ತದೆ. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನಿಮ್ಮಲ್ಲಿ ಆ ಚಾಳಿ ಇದೆಯಾ ಅಂತ ನೋಡುವುದು ಸುಲಭ. ರೇಂಜ್‌ನಲ್ಲಿ ಗೆಳೆಯನಿಗೆ ರೈಫಲ್ ತುಂಬಿಕೊಡಲು ಹೇಳಿ. ನಿಮಗೆ ಗೊತ್ತಾಗದ ಹಾಗೆ ನಡುನಡುವೆ ಮದ್ದಿಲ್ಲದ ಡಮ್ಮಿ ಸೇರಿಸಲಿ. ಕ್ಲಿಕ್ ಅಂದಾಗ ನಳಿಕೆ ಅಲುಗಿದರೆ ಉತ್ತರ ಸಿಕ್ಕಿತು. ನ್ಯೂಜಿಲೆಂಡ್‌ನಲ್ಲಿ ಸಪ್ರೆಸರ್‌ಗೆ (ನಳಿಕೆಯ ತುದಿಗೆ ಹಾಕುವ ಸದ್ದು ತಗ್ಗಿಸುವ ಕೊಳವೆಗೆ) ಕಾನೂನಿನ ಅಡ್ಡಿ ಇಲ್ಲವಲ್ಲ, ಒಂದು ಹಾಕಿಸಿಕೊಳ್ಳಿ. ಸದ್ದು ತಗ್ಗುತ್ತದೆ, ಒದೆಯೂ ತಗ್ಗುತ್ತದೆ. ಚಾಳಿ ಹತ್ತಿಸುವುದರಲ್ಲಿ ಒದೆಯಷ್ಟೇ ಪಾಲು ಸದ್ದಿನದ್ದೂ ಇದೆ.

.308ರ ಪರವಾಗಿ ಒಂದು ಮಾತು ನಿಜ. ಅದರ ಕಾಟ್ರಿಜ್ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ, ಬಗೆಗಳೂ ಹೆಚ್ಚು. ನೀವು ತಿಂಗಳಿಗೆ ನೂರಿನ್ನೂರು ಗುಂಡು ಅಭ್ಯಾಸ ಮಾಡುವವರಾಗಿದ್ದರೆ ನಾನು ಇನ್ನೊಮ್ಮೆ ಯೋಚಿಸಿ ಅನ್ನುತ್ತಿದ್ದೆ. ವರ್ಷಕ್ಕೆ ನಾಲ್ಕೈದು ಬೇಟೆ, ಸ್ವಲ್ಪ ಅಭ್ಯಾಸ ಅಂದರೆ ಅದು ದೊಡ್ಡ ವಿಷಯವಲ್ಲ. 7 ಎಂಎಂ-08 ಅಲ್ಲಿ ತುಂಬಾ ಜನ ಬಳಸುವ ಕಾಟ್ರಿಜ್ಜೇ. ಆದರೆ ಗೆಳೆಯನದು .308, ನಿಮ್ಮದು 7 ಎಂಎಂ-08 ಆದಾಗ ಎರಡು ಡಬ್ಬಿ ಒಂದೇ ಚೀಲದಲ್ಲಿ ಬೇಡ. ನೋಡಲು ಎರಡೂ ಒಂದೇ ಥರ. ಮುಸ್ಸಂಜೆಯಲ್ಲಿ ಅವಸರಕ್ಕೆ ಒಂದರದ್ದು ಇನ್ನೊಂದಕ್ಕೆ ಹೋದರೆ ಅಪಾಯ.

ಇನ್ನು ಅಪ್ಪನ ಪ್ರಶ್ನೆ. ಆಗುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲಿನ ಸಸ್ತನಿ ಯಾವುದೂ ಮೂಲದ್ದಲ್ಲ. ಜಿಂಕೆಯನ್ನು ಹೊರಗಿನಿಂದ ತಂದು ಬಿಟ್ಟರು. ತಾರ್ ನಮ್ಮ ಹಿಮಾಲಯದ ಪ್ರಾಣಿ, ಅಲ್ಲಿಗೆ ಹೋದದ್ದು 1904ರಲ್ಲಿ. ಅವು ಅಲ್ಲಿನ ಗಿಡ ತಿಂದು ಹಾಳು ಮಾಡುತ್ತವೆ, ಅದಕ್ಕೇ ಬೇಟೆಗೆ ಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಹಂದಿಗೂ ಅದರ ರಕ್ಷಣೆ ಇದೆ. ಬೆಳೆ ಕಾಯಲು ಲೈಸೆನ್ಸ್ ಕೋವಿ ಇದ್ದರೂ ಅದು ಕೊಲ್ಲಲು ಅನುಮತಿಯಲ್ಲ. ಮೇಲಾಗಿ .308ರ ಬೋರ್ (ನಳಿಕೆಯ ಒಳ ಅಳತೆ) 7.62 ಮಿ.ಮೀ., ಅದು ಇಲ್ಲಿ ನಿಷೇಧಿತ ಬೋರ್. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು, ತಡ ಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಲಿ. ನಿಮ್ಮ ಊರಿನ ಪಕ್ಕದ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಇವತ್ತಿಗೂ ಹಿಂಡು ಹಿಂಡಾಗಿ ಓಡಾಡುತ್ತಿವೆ ಅಂದರೆ ಅದಕ್ಕೆ ಇದೇ ಕಾಯ್ದೆಯ ಬಲ ಇದೆ. ಬಂದಾಗ ಒಂದು ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಅಲ್ಲಿನ ಜಯಮಂಗಲಿ ಕೃಷ್ಣಮೃಗ ಮೀಸಲಿಗೆ ಹೋಗಿ ಬನ್ನಿ.

ವಿಮಾನ ಹತ್ತುವ ಮುಂಚೆ ಇನ್ನೊಂದು ಕೆಲಸ. ಬೇಟೆಯ ಬ್ಯಾಗನ್ನು ಅಲ್ಲೇ ಬಿಟ್ಟು ಬನ್ನಿ. ಮರೆತು ಉಳಿದ ಒಂದೇ ಒಂದು ಕಾಟ್ರಿಜ್ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ ಇಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸ್ ಆಗುತ್ತದೆ. ಜಾಕೆಟ್ ತರೋದಾದರೆ ಒಳಜೇಬು ಸೇರಿ ಎಲ್ಲಾ ಜೇಬುಗಳನ್ನೂ ತಿರುಗಿಸಿ ಕೊಡವಿ ನೋಡಿ.